ಗಾಡಿಯಲ್ಲಿ ಹುಟ್ಟಿದವನ ಪಾಸ್‌ಪೋರ್ಟ್

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಎರಡು ವರ್ಷ ಮೊದಲು, ಕಾರಹುಣ್ಣಿಮೆ ಮುಗಿದ ವಾರ, ಶಿಗ್ಗಾಂವಿ ತಾಲೂಕಿನ ಮಾಮಲೇದಾರ ಕಚೇರಿಗೆ ಒಂದು ಅರ್ಜಿ ಬಂತು. ಬರೆದವನು ಹಿರೇಬೆಂಡಿಗೇರಿಯವನು, ಹಿರೇಕೆರೂರಿನಲ್ಲಿ ಶಾಲೆ ಮಾಸ್ತರನಾಗಿದ್ದ. ಪಾರಸಿ ಭಾಷೆ ಕಲಿಯಲು ಇರಾನ ದೇಶಕ್ಕೆ ಹೋಗಬೇಕಾಗಿದೆ, ಅದಕ್ಕಾಗಿ ಪಾಸ್‌ಪೋರ್ಟ್ ಕೊಡಿಸಬೇಕು ಎಂದು ಕೇಳಿದ್ದ. ಆ ದಿನ ನಮ್ಮ ಕಚೇರಿಯಲ್ಲಿ ಪಾಸ್‌ಪೋರ್ಟನ್ನು ಕಣ್ಣಾರೆ ಕಂಡವರು ಒಬ್ಬರೂ ಇರಲಿಲ್ಲ.

ಮಾಮಲೇದಾರರು ನನ್ನನ್ನು ಕರೆಸಿದರು. ಇಂಗ್ಲಿಷ್ ಪತ್ರವ್ಯವಹಾರದ ಕಾರಕೂನ ನಾನೇ ಆಗಿದ್ದರಿಂದ ಅರ್ಥವಾಗದ ಕಾಗದಗಳೆಲ್ಲ ಕಡೆಗೆ ನನ್ನ ಕಡೆಗೇ ಬರುತ್ತಿದ್ದವು.

"ಇದು ರೈಲ್ವೆ ಪಾಸ್ ಇದ್ದಂಗ ಏನು?"

"ಗೊತ್ತಿಲ್ರಿ ಸಾಹೇಬ್ರ."

"ಚಲೋ ಆತು, ನೀವ ಮಾಡ್ರಿ. ಗೊತ್ತಿದ್ದಾಂವ ನೆನಪಿನ ಮ್ಯಾಲೆ ಬರದು ತಪ್ಪು ಮಾಡ್ತಾನ. ಗೊತ್ತಿಲ್ಲದಾಂವ ಪುಸ್ತಕ ತಗದು ನೋಡ್ತಾನ."

ಪುಸ್ತಕವೇನೋ ಇತ್ತು. ಪಾಸ್‌ಪೋರ್ಟ್ ನಿಯಮಗಳ ತೆಳ್ಳಗಿನ ಒಂದು ಪುಸ್ತಕ ಧಾರವಾಡದಿಂದ ಬಂದು ವರ್ಷಗಳಾಗಿದ್ದವು. ಅದಕ್ಕೆ ಆಗಾಗ ಬರುತ್ತಿದ್ದ ತಿದ್ದುಪಡಿ ಚೀಟಿಗಳನ್ನು ನಾನೇ ಮೈದಾ ಅಂಟು ಹಚ್ಚಿ ಜಾಗ ನೋಡಿ ಮೆತ್ತಿದ್ದೆ. ಮೆತ್ತಿದ್ದೆನೇ ಹೊರತು ಓದಿರಲಿಲ್ಲ.

ಮರುವಾರ ಮಾಸ್ತರ ಖುದ್ದಾಗಿ ಬಂದ. ಇಪ್ಪತ್ತಾರರ ಆಸುಪಾಸಿನ, ತೆಳ್ಳಗಿನ, ಮಾತಾಡುವಾಗ ಎದುರಿಗಿದ್ದವರ ಕಣ್ಣಿಗಿಂತ ಬಾಯನ್ನೇ ಹೆಚ್ಚು ನೋಡುವ ಹುಡುಗ. ಒಕ್ಕಲುತನದ ಲಿಂಗವಂತರ ಮನೆಯವನಿಗೆ ಪಾರಸಿ ಎಲ್ಲಿಂದ ಗಂಟುಬಿತ್ತು ಎಂದು ಕೇಳಿದೆ. ಅರ್ಜಿಯಲ್ಲಿ ಆ ಪ್ರಶ್ನೆ ಇರಲಿಲ್ಲ, ನನಗೇ ತಡೆಯಲಾಗಲಿಲ್ಲ.

"ಸಾಲ್ಯಾಗ ಸಂಸ್ಕೃತದ ಕ್ಲಾಸಿನ್ಯಾಗ ಕುಂದ್ರಾಕ ಜಾಗಾ ಇರಲಿಲ್ರಿ. ಪಾರಸಿ ಕ್ಲಾಸಿನ್ಯಾಗ ಕಿಡಕಿ ಪಕ್ಕದ ಬೆಂಚು ಖಾಲಿ ಇತ್ತು. ಗಾಳಿ ಸಲುವಾಗಿ ಹೋಗಿ ಕುಂತೆ. ಆಮ್ಯಾಲೆ ಏಳಾಕ ಮನಸ್ಸಾಗಲಿಲ್ಲ."

ತಾಯಿಯ ತವರಾದ ಸವಣೂರಿನ ಕಡೆ ಇದ್ದುಕೊಂಡು ಒಬ್ಬ ವೃದ್ಧ ಮೌಲ್ವಿಗಳ ಹತ್ತಿರ ಆರು ವರ್ಷ ಪಾರಸಿ ಓದಿದ್ದನಂತೆ. ಮೌಲ್ವಿಗಳು ತೀರಿಹೋದ ಮೇಲೆ ಓದಿಸುವವರಿಲ್ಲದೆ ಇರಾನದ ಶಿರಾಜ ಪಟ್ಟಣದ ಒಬ್ಬ ಪಂಡಿತರಿಗೆ ಪತ್ರ ಬರೆದ. ಅವರು ಉತ್ತರ ಕೊಟ್ಟಿದ್ದರು: ನನಗೆ ವಯಸ್ಸಾಯಿತು, ಈ ಶರತ್ಕಾಲದಲ್ಲಿ ಸೇರಿಸಿಕೊಳ್ಳುವ ಶಿಷ್ಯರೇ ಕೊನೆಯವರು, ಬರುವುದಾದರೆ ಈಗಲೇ ಬಾ. ಎಂದರೆ ದಸರೆಯ ಹೊತ್ತಿಗೆ ಅವನು ಮುಂಬಯಿಯಲ್ಲಿ ಹಡಗು ಹತ್ತಬೇಕು. ಅಷ್ಟರೊಳಗೆ ಪಾಸ್‌ಪೋರ್ಟ್ ಆಗಬೇಕು, ಅದರ ಮೇಲೆ ಇರಾನ ಸರಕಾರದ ಪ್ರವೇಶದ ಮುದ್ರೆ ಬೀಳಬೇಕು.

ಅರ್ಜಿಯ ನಮೂನೆ ಬಿಡಿಸಿಕೊಂಡು ಕುಳಿತೆವು. ಎತ್ತರ ಬರೆಯಬೇಕಿತ್ತು. ಕಚೇರಿಯಲ್ಲಿ ಅಳತೆಪಟ್ಟಿ ಇರಲಿಲ್ಲ. ಮೋಜಣಿದಾರ, ಅಂದರೆ ಹೊಲ ಅಳೆಯುವವನು, ತನ್ನ ಸರಪಳಿ ತಂದು ಮಾಸ್ತರನನ್ನು ಗೋಡೆಗೆ ನಿಲ್ಲಿಸಿ ಅಳೆದ. ಮೊದಲು ರುಮಾಲು ಸಹಿತ ಅಳೆದು, ಆಮೇಲೆ ರುಮಾಲು ತೆಗೆಸಿ, ಅಂದಾಜಿಗೆ ಅರ್ಧ ಇಂಚು ಕೂದಲಿನ ಬಾಬ್ತು ಕಳೆದು, ಐದು ಅಡಿ ಆರೂವರೆ ಇಂಚು ಎಂದು ಗಂಭೀರವಾಗಿ ಬರೆಸಿದ. ಕಣ್ಣಿನ ಬಣ್ಣಕ್ಕೆ ಅವನನ್ನು ಅಂಗಳದ ಬಿಸಿಲಿಗೆ ಕರೆದೊಯ್ದೆವು. ಶಿರಸ್ತೇದಾರರು ಕಪ್ಪು ಎಂದರು, ನಾನು ಕಂದು ಎಂದೆ. ಮಾಸ್ತರ ಕಣ್ಣು ಅರಳಿಸಿ ಅರಳಿಸಿ ನೀರು ಸುರಿಯತೊಡಗಿದ ಮೇಲೆ ಶಿರಸ್ತೇದಾರರು ಸೋತು ಕಂದಿಗೆ ಒಪ್ಪಿದರು.

ಫೋಟೋ ತೆಗೆಸಲು ಮಾಸ್ತರ ಹಾನಗಲ್ಲ ಸಂತೆಗೆ ಬರುತ್ತಿದ್ದ ಫೋಟೋದವನ ಹತ್ತಿರ ಹೋದ. ಆತನ ಬಳಿ ಇದ್ದದ್ದು ಒಂದೇ ಪರದೆ. ಅದರ ಮೇಲೆ ಅರಮನೆಯೂ ಜಲಪಾತವೂ ಇದ್ದವು. ಮಾಸ್ತರನ ರುಮಾಲಿನ ತುದಿಯಿಂದಲೇ ನೀರು ಧುಮುಕುವ ಹಾಗೆ ಫೋಟೋ ಬಂತು. ಧಾರವಾಡದಿಂದ ಅದು ತಿರುಗಿ ಬಂತು: ತಲೆಯ ಮೇಲೆ ಏನೂ ಇರಬಾರದು, ಹಿಂದೆಯೂ ಏನೂ ಇರಬಾರದು. ಎರಡನೆಯ ಫೋಟೋದಲ್ಲಿ ಮಾಸ್ತರ ಬರಿದಲೆಯಲ್ಲಿ, ಬಿಳೀ ಗೋಡೆಯ ಮುಂದೆ, ಈಗತಾನೆ ಸೆರೆಸಿಕ್ಕವನಂತೆ ನಿಂತಿದ್ದ.

ಹಿರೇಕೆರೂರಿನ ಹವಾಲ್ದಾರರು ನಡತೆಯ ವರದಿ ಕಳಿಸಿದರು. ಅದರ ಒಂದು ವಾಕ್ಯ ಇನ್ನೂ ನೆನಪಿದೆ: "ಸದರಿ ಇಸಮನು ಶಾಲೆ ಬಿಟ್ಟ ಮೇಲೆ ಕೆರೆಯ ಏರಿಯ ಮೇಲೆ ತನ್ನಷ್ಟಕ್ಕೆ ತಾನು ತಿಳಿಯದ ಭಾಷೆಯಲ್ಲಿ ಮಾತಾಡಿಕೊಳ್ಳುತ್ತಾನೆ, ಇದರ ಹೊರತು ದೋಷ ಕಂಡುಬಂದಿಲ್ಲ."

ಇಷ್ಟರ ತನಕ ಎಲ್ಲ ನಗೆಯಲ್ಲೇ ಸಾಗಿತ್ತು. ಹುಟ್ಟಿದ ಸ್ಥಳದ ಕಲಮಿಗೆ ಬಂದಾಗ ಗಾಡಿ ನಿಂತಿತು.

"ಎಲ್ಲೆ ಹುಟ್ಟೀರಿ?" ಎಂದು ಕೇಳಿದೆ.

ಮಾಸ್ತರ ಚೀಲದಿಂದ ಎರಡು ಉತಾರಗಳನ್ನು ತೆಗೆದು ಮೇಜಿನ ಮೇಲಿಟ್ಟ. ಒಂದು ಹಿರೇಬೆಂಡಿಗೇರಿಯ ಜನನ ದಾಖಲೆಯ ನಕಲು. ಇನ್ನೊಂದು ಸವಣೂರು ಸಂಸ್ಥಾನದ ಒಂದು ಹಳ್ಳಿಯದು. ಒಂದೇ ದಿನ, ಒಂದೇ ಹೆಸರು, ಒಬ್ಬನೇ ತಂದೆ. ಊರು ಮಾತ್ರ ಎರಡು.

"ನೀವ ಎರಡು ಸಲ ಹುಟ್ಟೀರೇನು?"

"ಒಂದ ಸಲ ರೀ. ಗಾಡ್ಯಾಗ."

ಅವನ ತಾಯಿ ಚೊಚ್ಚಲ ಬಾಣಂತನಕ್ಕೆ ತವರಿಗೆ ಹೊರಟಿದ್ದಳು. ತವರು ನವಾಬರ ಸಂಸ್ಥಾನದಲ್ಲಿ, ಗಂಡನ ಮನೆ ಇಂಗ್ಲಿಷರ ಸೀಮೆಯಲ್ಲಿ. ದಿನ ಇನ್ನೂ ಇದೆ ಎಂದುಕೊಂಡಿದ್ದರು, ಇರಲಿಲ್ಲ. ನಡುದಾರಿಯಲ್ಲೇ ಹೆರಿಗೆಯಾಯಿತು. ಮೊಮ್ಮಗ ನಮ್ಮ ನೆಲದಲ್ಲೇ ಹುಟ್ಟಿದನೆಂದು ತಂದೆಯ ತಂದೆ ಇಲ್ಲಿ ಬರೆಸಿದ. ಚೊಚ್ಚಲ ಕೂಸು ತವರಿನದೆಂದು ತಾಯಿಯ ತಂದೆ ಅಲ್ಲಿ ಬರೆಸಿದ. ಇಬ್ಬರೂ ತೀರಿಹೋಗಿದ್ದರು. ಅವರ ಹಟ ಮಾತ್ರ ಎರಡು ದಫ್ತರಗಳಲ್ಲಿ ಜೀವ ಹಿಡಿದು ಕುಳಿತಿತ್ತು.

ನಿಯಮದ ಪುಸ್ತಕ ತೆಗೆದೆ. ಬ್ರಿಟಿಷ್ ಪ್ರಜೆ ಎನಿಸಿಕೊಳ್ಳಲು, ಕಲಮು ಎ: ಬ್ರಿಟಿಷ್ ಸೀಮೆಯಲ್ಲಿ ಹುಟ್ಟಿದವನು. ಸಂಸ್ಥಾನದಲ್ಲಿ ಹುಟ್ಟಿದವನಾದರೆ ಅವನದು ಬೇರೆಯೇ ದಾರಿ: ದಿವಾನರ ಮುಖಾಂತರ ಅರ್ಜಿ, ಅಲ್ಲಿಂದ ಕೊಲ್ಲಾಪುರದ ರೆಸಿಡೆಂಟ್ ಸಾಹೇಬರ ಕಡೆಗೆ, ಅಲ್ಲಿಂದ ಮುಂಬಯಿಗೆ. ಆ ದಾರಿ ಹಿಡಿದರೆ ಯುಗಾದಿಯಾದರೂ ಮುಗಿಯುವುದಿಲ್ಲ. ಅಷ್ಟರಲ್ಲಿ ಶಿರಾಜದ ಪಂಡಿತರ ಬಾಗಿಲು ಮುಚ್ಚಿರುತ್ತದೆ.

ಧಾರವಾಡಕ್ಕೆ ಬರೆದು ಸಲಹೆ ಕೇಳಿದೆ. ಒಂದೇ ಸಾಲಿನ ಉತ್ತರ ಬಂತು: ಸ್ಥಳಕ್ಕೆ ಹೋಗಿ ವಿಚಾರಣೆ ಮಾಡಿ ವರದಿ ಕಳಿಸತಕ್ಕದ್ದು.

ಹೀಗೆ ಇಪ್ಪತ್ತಾರು ವರ್ಷದ ಹಿಂದಿನ ಒಂದು ಹೆರಿಗೆಯ ಪಂಚನಾಮೆ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಅಂದು ಗಾಡಿ ಹೊಡೆದವನು ತಿಳವಳ್ಳಿಯ ಮಗಳ ಮನೆಯಲ್ಲಿದ್ದ. ಕಾಗದ ಬರೆದು ಕರೆಸಿದೆ. ಗಾಡಿಯಲ್ಲಿ ಜೊತೆಗಿದ್ದ ಸೂಲಗಿತ್ತಿ ಹಿರೇಬೆಂಡಿಗೇರಿಯಲ್ಲೇ ಇದ್ದಳು. ಎಪ್ಪತ್ತು ದಾಟಿದ್ದರೂ ನಮಗಿಂತ ಮುಂದೆ ನಡೆದಳು. ಮಾಸ್ತರನ ತಾಯಿಯೂ ಬುತ್ತಿ ಕಟ್ಟಿಕೊಂಡು ಬಂದಳು. ಮೋಜಣಿದಾರ ಸರಪಳಿ ಹೊತ್ತು ಬಂದ. ಮಾಸ್ತರನಿಗೆ ಶಾಲೆಯಿಂದ ರಜೆ ಸಿಗಲಿಲ್ಲ, ತನ್ನ ಜನನದ ವಿಚಾರಣೆಗೆ ಅವನೊಬ್ಬನೇ ಗೈರುಹಾಜರು.

ದಾರಿ ಒಂದು ಹಳ್ಳ ಇಳಿದು ಏರುತ್ತದೆ. ಹಳ್ಳ ನಮ್ಮ ಸೀಮೆಯದು. ಏರು ಮುಗಿದಲ್ಲಿ ಗಡಿಕಲ್ಲು. ಕಲ್ಲಿನಾಚೆ ಸ್ವಲ್ಪ ದೂರ ಒಂದು ಬನ್ನಿಗಿಡ, ಅದು ಸಂಸ್ಥಾನದ್ದು. ಗಾಡಿಯವನು ನೇರ ಬನ್ನಿಗಿಡದ ಬುಡಕ್ಕೆ ಹೋಗಿ ಕೋಲೂರಿ ನಿಂತ.

"ಇಲ್ಲೇ ರೀ ಸಾಹೇಬ್ರ. ಇಲ್ಲೆ ಬಂದಾಗ ಕೂಸು ಅತ್ತಿದ್ದು ಕೇಳೇನಿ."

ಅರ್ಜಿ ಮುಗಿದಂತೆಯೇ ಎಂದು ಲೇಖನಿ ತೆಗೆದೆ. ಆದರೆ ಸೂಲಗಿತ್ತಿ ಹಳ್ಳದಲ್ಲೇ ನಿಂತು ಕೂಗಿದಳು.

"ಅಳೂದ ಬ್ಯಾರೆ, ಹುಟ್ಟೂದ ಬ್ಯಾರೆ! ಶುರು ಆಗಿದ್ದು ಇಲ್ಲೆ, ಹಳ್ಳದಾಗ. ಕೂಸು ಅಳಲಿಲ್ಲ ಅಂತ ಬೆನ್ನು ತಟ್ಟಿ ತಟ್ಟಿ ಅಳಿಸೇನಿ. ಅಷ್ಟೊತ್ತಿಗೆ ಇಂವ ಅಲ್ಲಿ ಮಟ ಗಾಡಿ ಒಯ್ದಿದ್ದ."

"ಅಂದ್ರ ಗಾಡಿ ನಿಂತಿರಲಿಲ್ಲೇನು?" ಎಂದೆ.

"ನಿಲ್ಲಸಲಿಲ್ರಿ ಇಂವ! ನಿಲ್ಲಸೋ ನಿಲ್ಲಸೋ ಅಂತ ಒದರಿದೆ."

"ಎತ್ತು ನಿಲ್ಲಬೇಕಲ್ಲ!" ಗಾಡಿಯವನು ಬನ್ನಿಗಿಡದಿಂದ ಕೂಗಿದ. "ಆಕಿ ಒದರಿದ್ದಕ್ಕ ಎತ್ತು ಬೆದರಿ ಓಡಿದ್ವು. ಸುಮ್ಕ ಇದ್ದಿದ್ರ ನಾ ನಿಲ್ಲಸ್ತಿದ್ನಿ."

ಇಪ್ಪತ್ತಾರು ವರ್ಷದಿಂದ ಆರದೆ ಉಳಿದ ಜಗಳ ಅದು ಎಂದು ಆಗ ತಿಳಿಯಿತು. ಇಬ್ಬರೂ ಗಡಿಕಲ್ಲಿನ ಆಚೆ ಈಚೆ ನಿಂತು ಎತ್ತಿನ ತಪ್ಪೋ ಹೆಂಗಸಿನ ತಪ್ಪೋ ಎಂದು ವಾದ ಮಾಡಿದರು. ಮೋಜಣಿದಾರ ಮಾತ್ರ ತಲೆ ಕೆಡಿಸಿಕೊಳ್ಳದೆ ಹಳ್ಳದಿಂದ ಕಲ್ಲಿಗೆ, ಕಲ್ಲಿನಿಂದ ಬನ್ನಿಗಿಡಕ್ಕೆ ಸರಪಳಿ ಎಳೆದ. ಬೆದರಿದ ಎತ್ತುಗಳು ಏರಿನಲ್ಲಿ ಎಷ್ಟು ಜೋರು ಓಡುತ್ತವೆ ಎಂದು ಗೊತ್ತಾದರೆ ಜಾಗ ಗೊತ್ತು ಮಾಡಬಹುದು ಎಂದ. ಎತ್ತುಗಳು ಎಂದೋ ಸತ್ತಿದ್ದವು.

ನಾನು ಸೂಲಗಿತ್ತಿಯ ಹತ್ತಿರ ಹೋಗಿ ದನಿ ತಗ್ಗಿಸಿ ಕೇಳಿದೆ. "ಅಜ್ಜಿ, ತಲಿ ಕಂಡಿದ್ದು ಎಲ್ಲೆ, ಕಾಲು ಬಂದಿದ್ದು ಎಲ್ಲೆ ಅಂತ ಬ್ಯಾರೆ ಬ್ಯಾರೆ ನೆನಪೈತೇನು?"

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಸಾಹೇಬ್ರ, ನಿಮಗ ಮಕ್ಕಳಾಗ್ಯಾವೇನು?"

"ಎರಡು ಆಗ್ಯಾವ."

"ಅವು ಹುಟ್ಟೂ ಹೊತ್ತಿನ್ಯಾಗ ನೀವ ಎಲ್ಲಿದ್ರಿ?"

"ಕಚೇರ್ಯಾಗ."

"ಮತ್ತ ಸುಮ್ಕ ಹೇಳಿದ್ದಷ್ಟ ಬರ್ಕೋರಿ."

ಬರೆದುಕೊಂಡೆ. ಆದರೂ ಆಸೆ ಬಿಡಲಿಲ್ಲ. ಹಳ್ಳದಲ್ಲೇ ಹುಟ್ಟಿತು ಎಂದು ಖಾತ್ರಿಯಾಗಿ ಒಂದು ಮಾತು ಹೇಳಿಬಿಟ್ಟರೆ ಹುಡುಗನ ಕೆಲಸವಾಗುತ್ತದೆ ಎಂದು ಸೂಚ್ಯವಾಗಿ ಹೇಳಿದೆ. ಆಕೆಗೆ ಸಿಟ್ಟು ಬಂತು.

"ಶುರು ಆಗಿದ್ದು ಹೇಳ್ತೇನಿ. ಮುಗದದ್ದು ಎಲ್ಲೆ ನನಗ ಗೊತ್ತಿಲ್ಲ. ಓಡೂ ಗಾಡ್ಯಾಗ ಕೂಸು ಹಿಡಕೊಂಡಾಕಿ ಕೂಸು ನೋಡ್ಲೋ, ನಿಮ್ಮ ಕಲ್ಲು ನೋಡ್ಲೋ? ಈ ಊರಾಗ ಅರ್ಧಾ ಮಂದಿ ನನ್ನ ಕೈಯಾಗ ಹುಟ್ಟ್ಯಾರ. ಒಬ್ಬರ ಬಗ್ಗೇನೂ ಸುಳ್ಳು ಹೇಳಿಲ್ಲ."

ನಾನು ಹಿಂದೆ ಸರಿದೆ. ಆಗ, ಅಲ್ಲಿಯ ತನಕ ನೆರಳಿನಲ್ಲಿ ಕುಳಿತು ಕೇಳುತ್ತಿದ್ದ ಮಾಸ್ತರನ ತಾಯಿ ರೊಟ್ಟಿಯ ಗಂಟು ಬಿಚ್ಚುತ್ತ ಬಾಯಿ ತೆರೆದಳು.

"ಮುಂಜಾನಿಂದ ಕೇಳಾಕತ್ತೇನಿ. ಅವರಪ್ಪ ಎಲ್ಲೆ ಹುಟ್ಟಿದ ಅಂತ ಒಬ್ಬರೂ ಕೇಳವಲ್ರಿ. ಹೊಲ ಅವರಪ್ಪನ ಹೆಸರಲೆ ಬಂತು, ಅಡ್ಡಹೆಸರು ಅವರಪ್ಪಂದ ಬಂತು. ಊರು ಅಷ್ಟ ನನ್ನ ಹೊಟ್ಟೀಲೆ ಬರಬೇಕೇನು?"

ಆಕೆಯ ಗಂಡ ತೀರಿಕೊಂಡು ಐದಾರು ವರ್ಷವಾಗಿತ್ತು. ಕಾನೂನು ಹಾಗಿಲ್ಲವ್ವಾ ಎಂದು ನಾನು ತಿಳಿದವನ ಹಾಗೆ ಸಮಾಧಾನ ಹೇಳಿದೆ. ರೊಟ್ಟಿ ತಿಂದು ವಾಪಸು ಬಂದೆವು.

ಮರುದಿನ ಬೆಳಿಗ್ಗೆ ವರದಿ ಬರೆಯಲು ಕುಳಿತೆ. ಎರಡು ಉತಾರಗಳೂ ಮುಂದಿದ್ದವು. ಸಂಸ್ಥಾನದ ಉತಾರ ಮಾಸ್ತರ ತಾನಾಗಿ ತಂದುಕೊಟ್ಟದ್ದು. ಅದು ಇಲ್ಲದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಕೈ ತನ್ನಷ್ಟಕ್ಕೆ ಅದನ್ನು ದಫ್ತರದ ಅಡಿಗೆ ಸರಿಸಿತು. ಸರಿಸಿದ ಮೇಲೆ ಒಂದು ಸಾಲೂ ಬರೆಯಲಾಗಲಿಲ್ಲ. ಓದು ಬಾರದ ಒಬ್ಬ ಮುದುಕಿ ಹೇಳಲೊಪ್ಪದ ಸುಳ್ಳನ್ನು ನಾನು ಸರಕಾರದ ಕಾಗದದ ಮೇಲೆ ಇಂಗ್ಲಿಷಿನಲ್ಲಿ ಹೇಳಲು ಹೊರಟಿದ್ದೆ.

ಮನಸ್ಸು ಬೇರೆ ಕಡೆ ತಿರುಗಿಸಲೆಂದು ನಿಯಮದ ಪುಸ್ತಕ ಮತ್ತೆ ತೆಗೆದೆ. ತಾಯಿಯ ಮಾತಿಗೆ ಕಾನೂನಿನ ಆಧಾರವಿಲ್ಲ ಎಂದು ಖಾತ್ರಿ ಮಾಡಿಕೊಳ್ಳುವ ಉದ್ದೇಶವಿತ್ತು. ಆಗ ಕಣ್ಣಿಗೆ ಬಿತ್ತು: ಕಲಮು ಎ ಮುಗಿದ ಮೇಲೆ ಹಾಳೆ ತಿರುವಿದರೆ ಕಲಮು ಸಿ ಇತ್ತು. ಬಿ ಇರಲೇ ಇಲ್ಲ. ಹಾಳೆ ಬೆರಳಿಗೆ ಸ್ವಲ್ಪ ದಪ್ಪ ಹತ್ತಿತು. ಬೆಳಕಿಗೆ ಹಿಡಿದೆ. ಒಂದಲ್ಲ, ಎರಡು ಹಾಳೆಗಳು ಅಂಟಿಕೊಂಡಿದ್ದವು. ನಾನೇ ಮೆತ್ತಿದ ತಿದ್ದುಪಡಿ ಚೀಟಿಯ ಅಂಟು ಅಂಚಿನಿಂದ ಸೋರಿ ಒಣಗಿತ್ತು.

ಬಿಸಿ ಚಹಾ ತರಿಸಿ, ಕುಡಿಯದೆ, ಹಾಳೆಯನ್ನು ಅದರ ಹಬೆಗೆ ಹಿಡಿದೆ. ಮೆಲ್ಲಗೆ ಬಿಚ್ಚಿಕೊಂಡಿತು. ಕಲಮು ಬಿ ಹೇಳುತ್ತಿತ್ತು: ಬ್ರಿಟಿಷ್ ಸೀಮೆಯ ಹೊರಗೆ ಹುಟ್ಟಿದ್ದರೂ, ಯಾವನ ತಂದೆ ಬ್ರಿಟಿಷ್ ಸೀಮೆಯಲ್ಲಿ ಹುಟ್ಟಿದ ಪ್ರಜೆಯೋ, ಅವನೂ ಪ್ರಜೆಯೇ.

ತಂದೆ ಹಿರೇಬೆಂಡಿಗೇರಿಯ ಮನೆಯಲ್ಲಿ ಹುಟ್ಟಿದವನು. ಅದಕ್ಕೆ ಊರಿನ ಗೌಡರ ಹೇಳಿಕೆಯೇ ಸಾಕು.

ಚಹಾ ಆರುವ ತನಕ ಕುಳಿತಿದ್ದೆ. ಎರಡು ದಾರಿಗಳಿದ್ದವು. ಕಲಮು ಬಿ ಮೊದಲೇ ಗೊತ್ತಿತ್ತು ಎಂಬಂತೆ ವರದಿ ಬರೆದು, ವಿಚಾರಣೆ ಹೆಚ್ಚಿನ ಖಾತ್ರಿಗಾಗಿ ಮಾಡಿದ್ದೆಂದು ಹೇಳಬಹುದಿತ್ತು. ಕಾರಕೂನರಿಗೆ ಅಂಥ ವಾಕ್ಯಗಳು ಸಲೀಸು. ಕಡೆಗೆ ದಫ್ತರದ ಅಡಿಯಿಂದ ಉತಾರ ಹೊರಗೆಳೆದೆ, ಒದ್ದೆ ಪುಸ್ತಕವನ್ನೂ ಹಿಡಿದುಕೊಂಡು ಮಾಮಲೇದಾರರ ಮುಂದೆ ನಿಂತೆ.

ಅವರು ಓದಿದರು. ಮತ್ತೊಮ್ಮೆ ಓದಿದರು.

"ಅಂದ್ರ ಆ ಮುದುಕಿ, ಗಾಡಿ, ಎತ್ತು, ಸರಪಳಿ?"

"ಯಾವುದೂ ಬೇಕಾಗಿರಲಿಲ್ರಿ."

"ಅಂಟು ಯಾರು ಹಚ್ಚಿದ್ದು?"

"ನಾನ ರೀ."

ಅವರು ಬಹಳ ಹೊತ್ತು ಕಿಟಕಿಯ ಹೊರಗೆ ನೋಡಿದರು. ನಗು ತಡೆಯುತ್ತಿದ್ದರೋ ಸಿಟ್ಟು ತಡೆಯುತ್ತಿದ್ದರೋ ನನಗೆ ಇವತ್ತಿಗೂ ಗೊತ್ತಿಲ್ಲ.

"ಆತು. ಪ್ರಜಾ ಅಂತೂ ಆದ. ಹುಟ್ಟಿದ ಜಾಗಾ ಏನ ಬರೀತೀರಿ? ಆ ಕಲಮು ಹಂಗ ಖಾಲಿ ಐತಲ್ಲ."

"ಇದ್ದದ್ದ ಬರೀತೇನ್ರಿ."

ಹಿರೇಬೆಂಡಿಗೇರಿಯಿಂದ ಸವಣೂರು ಸಂಸ್ಥಾನಕ್ಕೆ ಹೋಗುವ ಗಾಡಿದಾರಿಯಲ್ಲಿ, ಚಲಿಸುತ್ತಿದ್ದ ಗಾಡಿಯಲ್ಲಿ. ಗಡಿಯ ಯಾವ ಬದಿ ಎಂಬುದು ಖಚಿತವಿಲ್ಲ. ಎರಡೂ ಉತಾರಗಳನ್ನು ಲಗತ್ತಿಸಿದೆ. ಮಾಮಲೇದಾರರು ಸಹಿ ಹಾಕುತ್ತ, "ಧಾರವಾಡದಾಗ ನಗ್ತಾರ" ಎಂದರು.

"ನಗಲ್ರಿ. ವಾಪಸ್ ಕಳಸಾಕ ಮಾತ್ರ ಕಾರಣ ಸಿಗೂದಿಲ್ಲ."

ಸಿಗಲಿಲ್ಲ. ಗಣೇಶ ಚೌತಿಯಾದ ಮೇಲೆ ರಿಜಿಸ್ಟರ್ ಟಪಾಲಿನಲ್ಲಿ ಪಾಸ್‌ಪೋರ್ಟ್ ಬಂತು. ಕಡುನೀಲಿ ರಟ್ಟಿನ ಪುಟ್ಟ ಪುಸ್ತಕ. ಕಚೇರಿಯವರೆಲ್ಲ ಕೈ ತೊಳೆದುಕೊಂಡು ಬಂದು ಮುಟ್ಟಿ ನೋಡಿದರು. ಹುಟ್ಟಿದ ಸ್ಥಳ: ಸವಣೂರು ರಸ್ತೆ. ನನ್ನ ಎರಡು ಸಾಲನ್ನು ಯಾರೋ ಪುಣ್ಯಾತ್ಮರು ಎರಡು ಪದಕ್ಕೆ ಇಳಿಸಿದ್ದರು.

ಒಯ್ಯಲು ಮಾಸ್ತರ ತಾಯಿಯನ್ನು ಕರೆದುಕೊಂಡು ಬಂದಿದ್ದ. ಒಳಗೆ ಏನು ಬರೆದಿದೆ ಓದಿ ಹೇಳಿರಿ ಎಂದು ಆಕೆ ಮಗನನ್ನು ಬಿಟ್ಟು ನನ್ನನ್ನು ಕೇಳಿದಳು. ಸರಕಾರದ ಪುಸ್ತಕ ಸರಕಾರದವರೇ ಓದಬೇಕು ಎಂಬುದು ಆಕೆಯ ಲೆಕ್ಕ. ಮೊದಲ ಹಾಳೆಯ ಇಂಗ್ಲಿಷನ್ನು ಆಕೆಯ ಮಾತಿನಲ್ಲಿ ಹೇಳಿದೆ.

"ಸಂಬಂಧಪಟ್ಟವ್ರೆಲ್ಲಾರಿಗೂ ಬರದಾರವ್ವಾ. ಇವನ್ನ ಎಲ್ಲೂ ತಡೀಬ್ಯಾಡ್ರಿ, ಆರಾಮ ಹೋಗಿ ಬರಾಕ ಬಿಡ್ರಿ, ಏನರ ಬೇಕಾದ್ರ ಸಹಾಯ ಮಾಡ್ರಿ, ಕಾಪಾಡ್ರಿ, ಅಂತ."

ಆಕೆ ಪುಸ್ತಕವನ್ನು ಕೈಗೆ ತೆಗೆದುಕೊಂಡಳು.

"ಇದನ್ನ ನಾನೂ ದಿನಾ ದೇವರ ಜಗಲಿ ಮುಂದ ನಿಂತು ಹೇಳ್ತೇನಿ. ನನಗ ಇಷ್ಟ ದಿನ ಹಿಡಿಯೂದಿಲ್ಲ."

ಮಾಸ್ತರ ಮುಂಬಯಿಗೆ ಹೋದ. ಹದಿನೈದು ದಿನಕ್ಕೆ ತಾಯಿಗೆ ಅವನ ಕಾಗದ ಬಂತು. ಆಕೆಯ ಕಿರಿಯ ಮಗ ಹೊಲದ ಕೆಲಸದಲ್ಲಿದ್ದ, ಅವನಿಗೆ ಕೂಡಿಸಿ ಓದಲು ಬರುತ್ತಿರಲಿಲ್ಲ. ಒಂದು ಭಾನುವಾರ ನಾನೇ ಹಿರೇಬೆಂಡಿಗೇರಿಗೆ ಹೋಗಿ ಕಟ್ಟೆಯ ಮೇಲೆ ಕುಳಿತು ಓದಿದೆ. ಸೂಲಗಿತ್ತಿಯೂ ಬಂದು ಕುಳಿತಳು.

ಇರಾನದ ಕಾನ್ಸಲರ ಕಚೇರಿಯಲ್ಲಿ ಪ್ರವೇಶದ ಮುದ್ರೆ ಹಾಕುವ ಅಧಿಕಾರಿ, ಪಂಡಿತರ ಪತ್ರ ನೋಡಿ, ನಿನಗೆ ನಮ್ಮ ಭಾಷೆ ಎಷ್ಟು ಬರುತ್ತದೆ ಎಂದು ಪಾರಸಿಯಲ್ಲೇ ಕೇಳಿದರಂತೆ. ಮಾಸ್ತರ ಎದ್ದು ನಿಂತು ಮೌಲ್ವಿಗಳು ಕಲಿಸಿದ ಪಾರಸಿಯಲ್ಲಿ ಉತ್ತರ ಕೊಟ್ಟ. ಅದು ನವಾಬರ ದರಬಾರಿನ ಹಳೆಯ ಕಾಗದಪತ್ರಗಳ ಪಾರಸಿ. ಕಾಗದದಲ್ಲಿ ಅದರ ಕನ್ನಡವನ್ನೂ ಬರೆದಿದ್ದ: "ಭೂಮಂಡಲಕ್ಕೆ ನೆರಳಾದ ಸನ್ನಿಧಾನದ ಪಾದಧೂಳಿಯನ್ನು ಕಣ್ಣಿಗೆ ಕಾಡಿಗೆಯಾಗಿ ಹಚ್ಚಿಕೊಳ್ಳುವ ಈ ದಾಸಾನುದಾಸನು, ಅಪ್ಪಣೆಯಾದರೆ, ಅಲ್ಪಸ್ವಲ್ಪ ಬಲ್ಲೆನು." ಅಧಿಕಾರಿ ಮೊದಲು ಬೆಚ್ಚಿದರು. ಆಮೇಲೆ ಪಕ್ಕದ ಕೋಣೆಯವರನ್ನೆಲ್ಲ ಕರೆದು, ಇನ್ನೊಮ್ಮೆ ಹೇಳು ಎಂದರು. ಹೇಳಿದ. ಎಲ್ಲರೂ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಇನ್ನೂರು ವರ್ಷದ ಹಿಂದೆ ತೀರಿಕೊಂಡವರೊಬ್ಬರು ಎದ್ದು ಬಂದು ಮುದ್ರೆ ಕೇಳಿದ ಹಾಗಾಯಿತು ಎಂದರಂತೆ. ಇಂಥ ಭಾಷೆ ಆಡುವವನು ಶಿರಾಜಕ್ಕೆ ಹೋಗದಿದ್ದರೆ ಮತ್ತೆ ಯಾರು ಹೋಗಬೇಕು ಎಂದು ಮುದ್ರೆ ಒತ್ತಿ, ಬಾಗಿಲ ತನಕ ಬಂದು ಕಳಿಸಿಕೊಟ್ಟರು. ಮರುದಿನವೇ ಹಡಗು. ಈ ಕಾಗದ ನಿಮಗೆ ಮುಟ್ಟುವ ಹೊತ್ತಿಗೆ ನಾನು ನೀರಿನ ಮೇಲಿರುತ್ತೇನೆ, ಎಂದು ಮುಗಿಸಿದ್ದ.

ಸೂಲಗಿತ್ತಿ, "ನಗಸಿ ಹೋದ ನೋಡ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಉತ್ತರ ಬರೆಯುತ್ತೀರಾ ಎಂದು ತಾಯಿ ಕೇಳಿದಾಗ ಚೀಲದಿಂದ ಹಾಳೆ ತೆಗೆದೆ. ಆಕೆ ಹೇಳುತ್ತ ಹೋದಳು: ಊರಿನವರು ಆರಾಮ, ಜೋಳ ಚಲೋ ಬಂದೈತಿ, ತಂಪಿನ್ಯಾಗ ತಿರಗಬ್ಯಾಡ, ಗುರುಗಳಿಗೆ ಎದುರು ಮಾತಾಡಬ್ಯಾಡ. ನಾನು ಬರೆದು ಮುಗಿಸಿ ಮಡಚುವಾಗ ಕೈ ತಡೆದಳು.

"ಆ ಮುಂಬೈದಾಗಿನ ಸಾಹೇಬ್ರು ಬಾಗಲಾ ಮಟ ಬಂದು ಕಳಿಸಿದ್ರಂತಲ್ಲ. ಅವರಿಗೂ ಒಂದು ನಮಸ್ಕಾರ ಬರೀರಿ. ಬ್ಯಾರೆ ಕಾಗದದ ಮ್ಯಾಲೆ, ಅವರ ಹೆಸರಿಗೇ ಬರೀರಿ."

ಹೆಸರು ನಮಗೆ ಯಾರಿಗೂ ಗೊತ್ತಿರಲಿಲ್ಲ. ಹುದ್ದೆಯ ಹೆಸರಿಗೆ ಬರೆದೆ. ತಾಲೂಕು ಕಚೇರಿಯ ಕಾರಕೂನ ಪರದೇಶದ ಸರಕಾರಕ್ಕೆ ಪತ್ರ ಬರೆಯಬೇಕಾದರೆ ಎಷ್ಟು ಮೆಟ್ಟಿಲು ಹತ್ತಿ ಎಷ್ಟು ಜನರ ಮಂಜೂರಿ ತರಬೇಕು ಎಂಬುದು ಅಷ್ಟೊತ್ತಿಗೆ ನನಗೆ ಬಾಯಿಪಾಠವಾಗಿತ್ತು. ಹಿರೇಬೆಂಡಿಗೇರಿಯ ಕಟ್ಟೆಯ ಮೇಲೆ ಕುಳಿತು, ಯಾರನ್ನೂ ಕೇಳದೆ, ಇರಾನ ದೇಶಕ್ಕೆ ಆಕೆಯ ನಮಸ್ಕಾರ ಬರೆದು, ಆಕೆಯ ಹೆಬ್ಬೆಟ್ಟು ಒತ್ತಿಸಿಕೊಂಡು, ಮರುದಿನ ಟಪಾಲಿಗೆ ಹಾಕಿದೆ.